ತಪಾಸಣೆಗೆ ಹದಿನೈದು ದಿನ ಮೊದಲು

ವಾರ್ಷಿಕ ತಪಾಸಣೆಗೆ ಬರುವ ಕಾರುಗಳು ಸಾಮಾನ್ಯವಾಗಿ ಥಳಥಳ ಹೊಳೆಯುತ್ತಾ ಬರುತ್ತವೆ. ಮೈ ತೊಳೆದಿರುತ್ತದೆ, ಡ್ಯಾಶ್‌ಬೋರ್ಡಿಗೆ ಪಾಲಿಶ್ ಬಿದ್ದಿರುತ್ತದೆ, ಟೈರುಗಳಿಗೂ ಕಪ್ಪು ಬಳಿದಿರುತ್ತಾರೆ. ಹಾಗೆ ಸಿಂಗರಿಸಿಕೊಂಡು ಬಂದ ಕಾರು ನಂಬರ್ ಪ್ಲೇಟಿನ ದೀಪ ಉರಿಯಲಿಲ್ಲವೆಂದು ಪೆಚ್ಚುಮೋರೆ ಹಾಕಿಕೊಂಡು ಹಿಂದಿರುಗಿದ್ದನ್ನು ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಲ್ಲ.

ಮೊದಲು ತಪಾಸಣೆ ಮಾಡುವವರ ಸಾಲಿನಲ್ಲಿ ನಿಂತಿದ್ದೆ, ಈಗ ಗ್ಯಾರೇಜಿನಲ್ಲಿ ಕಾರುಗಳನ್ನು ತಪಾಸಣೆಗೆ ಸಜ್ಜುಗೊಳಿಸುತ್ತೇನೆ. ಎರಡೂ ಕಡೆಯಿಂದ ಕಂಡದ್ದು ಒಂದೇ: ಮಾಲೀಕರಿಗೆ ರೂಢಿಯಾಗಿಬಿಟ್ಟ ಸಣ್ಣ ಊನಗಳೇ ಕಾರನ್ನು ಕೆಡವುತ್ತವೆ. ಬ್ರೇಕ್ ಒತ್ತಿದಾಗ ಸ್ಟೇರಿಂಗ್ ಎಡಕ್ಕೆ ವಾಲುವುದು ಅವರ ಕೈಗೆ ಎಂದೋ ಅಭ್ಯಾಸವಾಗಿರುತ್ತದೆ. ಎಳೆದರೆ ಹೊರಬಾರದ ಹಿಂದಿನ ಸೀಟ್ ಬೆಲ್ಟ್ ವಿಷಯವಂತೂ ನೆನಪಿಗೇ ಬರುವುದಿಲ್ಲ, ಅಲ್ಲಿ ಕೂರುವವರು ಅದನ್ನು ಹಾಕಿಕೊಂಡರೆ ತಾನೇ? ಪರೀಕ್ಷಕ ನಿಮ್ಮ ಕಾರನ್ನು ಮೊದಲ ಬಾರಿ ನೋಡುವವನು. ಹಾಗೆ ನೋಡುವುದೇ ಅವನ ಕೆಲಸ.

ಆರಂಭವನ್ನು ಸಂಜೆ, ಗೋಡೆಯ ಮುಂದೆ ಮಾಡಿ. ಒಬ್ಬರನ್ನು ಒಳಗೆ ಕೂರಿಸಿ ಪಾರ್ಕಿಂಗ್ ದೀಪ, ಡಿಮ್, ಬ್ರೈಟ್, ಇಂಡಿಕೇಟರ್, ಬ್ರೇಕ್, ರಿವರ್ಸ್ ಎಲ್ಲವನ್ನೂ ಒಂದೊಂದಾಗಿ ಹಾಕಿಸಿ, ನೀವು ಸುತ್ತ ಒಂದು ಪ್ರದಕ್ಷಿಣೆ ಬನ್ನಿ. ಇಂಡಿಕೇಟರ್ ಇದ್ದಕ್ಕಿದ್ದಂತೆ ವೇಗವಾಗಿ ಟಿಕ್ ಟಿಕ್ ಎನ್ನುತ್ತಿದ್ದರೆ ಆ ಕಡೆಯ ಒಂದು ಬಲ್ಬ್ ಹೋಗಿದೆ ಎಂದೇ ತಿಳಿಯಿರಿ. ಹೆಡ್‌ಲೈಟ್ ಉರಿದರೆ ಸಾಲದು, ಬೆಳಕು ಎಲ್ಲಿ ಬೀಳುತ್ತದೆ ಎನ್ನುವುದೂ ಮುಖ್ಯ. ಹೆಚ್ಚಿನ ಕಾರುಗಳಲ್ಲಿ ಡಿಮ್ ಬೆಳಕಿನ ಮೇಲಂಚು ಶೇಕಡಾ 1ರಷ್ಟು ಕೆಳಕ್ಕೆ ಬಾಗಿರಬೇಕು. ಅಂದರೆ 10 ಮೀಟರ್ ದೂರದ ಗೋಡೆಯಲ್ಲಿ ಆ ಅಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಡಿಕ್ಕಿಯಲ್ಲಿ ಮೂಟೆ ಇಟ್ಟುಕೊಂಡು ಅಳೆಯಬೇಡಿ, ಹಿಂಭಾಗ ಕುಸಿದು ಬೆಳಕು ಮೇಲೇಳುತ್ತದೆ. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ದೀಪದೊಳಗೆ ಪೇಟೆಯ ಎಲ್‌ಇಡಿ ತುರುಕಿದ್ದರೆ ಗೋಡೆಯ ಮೇಲೆ ಅಂಚೇ ಕಾಣುವುದಿಲ್ಲ, ಬೆಳಕು ಚೆಲ್ಲಾಪಿಲ್ಲಿಯಾಗಿರುತ್ತದೆ. ಹಳೆಯ ಬಲ್ಬನ್ನೇ ಮರಳಿ ಹಾಕಿ.

ಟೈರು ನೋಡುವಾಗ ಎಲ್ಲರೂ ಹೊರಗಿನ ಮೈ ನೋಡುತ್ತಾರೆ. ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಒಳ ಅಂಚನ್ನು ನೋಡಿ. ಒಮ್ಮೆ ಒಬ್ಬ ಗ್ರಾಹಕರು ಟೈರು ಹೊಸದರಂತಿದೆ ಎಂದು ವಾದಿಸುತ್ತಿದ್ದರು. ಕಾರನ್ನು ಎತ್ತಿ ಒಳಭಾಗ ತೋರಿಸಿದೆ: ಎರಡು ಬೆರಳಗಲದಷ್ಟು ಜಾಗದಲ್ಲಿ ರಬ್ಬರ್ ಮುಗಿದು ಉಕ್ಕಿನ ತಂತಿ ಇಣುಕುತ್ತಿತ್ತು. ವೀಲ್ ಅಲೈನ್‌ಮೆಂಟ್ ಕೆಟ್ಟು ತಿಂಗಳುಗಳೇ ಕಳೆದಿದ್ದವು. ಬಹಳಷ್ಟು ದೇಶಗಳಲ್ಲಿ ಟೈರಿನ ಮೇಲ್ಮೈಯಲ್ಲಿ ಕೊರೆದ ಸಂದಿನ ಆಳದ ಕನಿಷ್ಠ ಮಿತಿ 1.6 ಮಿಲಿಮೀಟರ್. ಆ ಸಂದಿನ ತಳದಲ್ಲಿ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, ಸವೆದ ಟೈರು ಅವುಗಳ ಮಟ್ಟಕ್ಕೆ ಬಂದರೆ ಅದರ ಆಯುಷ್ಯ ಮುಗಿಯಿತು. ಪಕ್ಕದ ಗೋಡೆಯಲ್ಲಿರುವ ನಾಲ್ಕಂಕಿಯ ಗುರುತನ್ನೂ ಓದಿಕೊಳ್ಳಿ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದದ್ದು.

ಬ್ರೇಕನ್ನು ಉರುಳೆಗಳ ಮೇಲೆ ಪರೀಕ್ಷಿಸುತ್ತಾರೆ. ಒಟ್ಟು ಬಲ ಸಾಕಷ್ಟಿದ್ದರೂ ಒಂದೇ ಅಚ್ಚಿನ (ಆಕ್ಸಲ್) ಎಡ ಬಲ ಚಕ್ರಗಳ ನಡುವೆ ವ್ಯತ್ಯಾಸ ಹೆಚ್ಚಿದ್ದರೆ ಕಾರು ಫೇಲ್. ವಾರಗಟ್ಟಲೆ ನಿಂತಿದ್ದ ಕಾರಿನಲ್ಲಿ ಇದು ಸಾಮಾನ್ಯ, ಏಕೆಂದರೆ ಡಿಸ್ಕಿನ ಮೇಲೆ ತುಕ್ಕಿನ ಪೊರೆ ಒಂದೊಂದು ಚಕ್ರಕ್ಕೆ ಒಂದೊಂದು ಬಗೆಯಾಗಿ ಕೂತಿರುತ್ತದೆ. ಹಿಂದಿನ ದಿನ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆರೇಳು ಬಾರಿ ಬಿಗಿಯಾಗಿ ಬ್ರೇಕ್ ಹಾಕಿ ವೇಗ ಇಳಿಸಿದರೆ ಆ ಪೊರೆ ಕಿತ್ತುಹೋಗುತ್ತದೆ. ಆಮೇಲೂ ಕಾರು ಒಂದು ಪಕ್ಕಕ್ಕೆ ಎಳೆದರೆ ಡಿಸ್ಕನ್ನು ಇಕ್ಕಳದಂತೆ ಅಮುಕುವ ಕ್ಯಾಲಿಪರ್ ಹಿಡಿದುಕೊಂಡಿರಬಹುದು, ಅದನ್ನು ಬಿಚ್ಚಿಯೇ ನೋಡಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ ಎನ್ನುವುದು ಅನೇಕರಿಗೆ ಗೊತ್ತಿಲ್ಲ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಇನ್ನು ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪಗಳು. ನನಗೆ ಅತಿ ಹೆಚ್ಚು ಜಗಳಗಳನ್ನು ತಂದಿಟ್ಟಿರುವ ವಿಷಯ ಇದೇ. ದೀಪ ಉರಿಯುತ್ತಿದ್ದರೆ ಕೆಲವರು ಅದರ ಮೇಲೆ ಕಪ್ಪು ಟೇಪ್ ಅಂಟಿಸುತ್ತಾರೆ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ), ಎಂಜಿನ್ ದೀಪಗಳು ಹೊತ್ತಿ, ಬಳಿಕ ಆರಬೇಕು. ಹೊತ್ತದೆಯೇ ಇದ್ದರೆ ಪರೀಕ್ಷಕನಿಗೆ ಕಳ್ಳನ ಸುಳಿವು ಸಿಕ್ಕಿತೆಂದೇ ಲೆಕ್ಕ. ಇನ್ನೂ ಜಾಣರು ಹಿಂದಿನ ರಾತ್ರಿ ಸ್ಕ್ಯಾನರ್ ಹಚ್ಚಿ, ಕಾರಿನ ಕಂಪ್ಯೂಟರ್ ದಾಖಲಿಸಿಕೊಂಡ ದೋಷಸಂಕೇತಗಳನ್ನು ಅಳಿಸಿ ಬರುತ್ತಾರೆ. ದೀಪವೇನೋ ಆರುತ್ತದೆ, ಆದರೆ ಸಂಕೇತದೊಂದಿಗೆ ಕಾರಿನ ಕಂಪ್ಯೂಟರ್ ತನ್ನ ಸ್ವಯಂಪರೀಕ್ಷೆಗಳ ಫಲಿತಾಂಶವನ್ನೂ ಒರೆಸಿಹಾಕುತ್ತದೆ. ತಪಾಸಣೆಯ ಯಂತ್ರ ಜೋಡಿಸಿದೊಡನೆ 'ಪರೀಕ್ಷೆ ಇನ್ನೂ ಮುಗಿದಿಲ್ಲ' ಎಂಬ ಉತ್ತರ ಬರುತ್ತದೆ. ಬ್ಯಾಟರಿ ಬಿಚ್ಚಿ ಹಾಕಿದರೂ ಇದೇ ಕಥೆ. ಆ ಪರೀಕ್ಷೆಗಳು ಮತ್ತೆ ಮುಗಿಯಲು ರಾತ್ರಿಯಿಡೀ ತಣ್ಣಗಾದ ಎಂಜಿನ್ ಶುರು ಮಾಡುವುದು, ಹೆದ್ದಾರಿಯಲ್ಲಿ ಒಂದೇ ವೇಗದ ಓಟ, ನಿಂತಲ್ಲೇ ಎಂಜಿನ್ ಓಡಿಸುವುದು, ಹೀಗೆ ಕೆಲವು ದಿನಗಳ ಸಹಜ ಬಳಕೆ ಬೇಕು. ಟ್ಯಾಂಕ್ ತುಂಬಿ ತುಳುಕುತ್ತಿದ್ದರೂ ತಳ ಕಂಡಿದ್ದರೂ ಇಂಧನದ ಆವಿಯ ಪರೀಕ್ಷೆ ನಡೆಯುವುದೇ ಇಲ್ಲ, ಅರ್ಧದ ಆಸುಪಾಸಿನಲ್ಲಿಡಿ. ತಯಾರಿಯನ್ನು ಹದಿನೈದು ದಿನ ಮೊದಲೇ ಶುರು ಮಾಡಿ ಎನ್ನುವುದಕ್ಕೆ ಮುಖ್ಯ ಕಾರಣ ಇದು. ಬಿಡಿಭಾಗ ತರಿಸಲು ಬೇಕಾದ ಸಮಯ ಎರಡನೆಯದು.

ಹೊಗೆ ಪರೀಕ್ಷೆಗೆ ತಣ್ಣನೆಯ ಕಾರನ್ನು ಒಯ್ಯಬೇಡಿ. ಹೊಗೆಯಲ್ಲಿನ ವಿಷಾನಿಲಗಳನ್ನು ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಅರ್ಧ ಗಂಟೆ ಓಡಿಸಿ, ಬಿಸಿಯಿರುವಾಗಲೇ ಒಳಗೆ ಬನ್ನಿ. ಸೈಲೆನ್ಸರ್ ಕೊಳವೆಯಲ್ಲಿ, ಆಮ್ಲಜನಕದ ಸೆನ್ಸರಿಗಿಂತ ಮುಂಚೆ, ಸೂಜಿಮೊನೆಯಷ್ಟು ತೂತಿದ್ದರೂ ಹೊರಗಾಳಿ ಒಳನುಗ್ಗಿ ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಅದು ಬೇಡದ ಇಂಧನ ಸುರಿಯುತ್ತದೆ, ನೀವು ಸುಮ್ಮನೆ ಇಂಜೆಕ್ಟರನ್ನು ಬೈಯುತ್ತೀರಿ.

ಎಂಜಿನ್ ಕೋಣೆಯನ್ನು ಅದೇ ದಿನ ನೀರು ಹೊಡೆದು ತೊಳೆಯುವುದು ಬೇಡ. ಕನೆಕ್ಟರಿಗೆ ನೀರು ಹೋದರೆ ಎಂಜಿನ್ ಮಿಸ್ ಹೊಡೆಯುತ್ತದೆ. ಸೋರಿಕೆಯೂ ಮುಚ್ಚಿಹೋಗುವುದಿಲ್ಲ, ತೊಳೆದ ಲೋಹದ ಮೇಲೆ ಹೊಸ ಎಣ್ಣೆಯ ಗೆರೆ ಇನ್ನಷ್ಟು ಎದ್ದು ಕಾಣುತ್ತದೆ. ಚಾಸಿಸ್ ನಂಬರ್ ಕೊರೆದ ಜಾಗದ ಜಿಡ್ಡನ್ನು ಮಾತ್ರ ಒರೆಸಿಡಿ. ವೈಪರ್, ಹಾರ್ನ್, ಕನ್ನಡಿ, ಗಾಜಿನ ಬಿರುಕು ಇವೆಲ್ಲ ಐದು ನಿಮಿಷದ ಕೆಲಸ. ಚಕ್ರದ ಕೀಲುಗಳಾದ ಬಾಲ್ ಜಾಯಿಂಟ್, ರಬ್ಬರ್ ಮೆತ್ತೆಗಳಾದ ಬುಷ್‌ಗಳನ್ನು ಗ್ಯಾರೇಜಿಗೆ ಬಿಡಿ. ಬರಿಯ ಜಾಕ್ ನಂಬಿ ಕಾರಿನ ಕೆಳಗೆ ತೂರುವುದು ಬೇಡವೇ ಬೇಡ.

ಕೊನೆಯದಾಗಿ ಕಳೆದ ವರ್ಷದ ವರದಿಯನ್ನು ಹುಡುಕಿ. ಪಾಸಾದ ಕಾರಿನ ವರದಿಯಲ್ಲೂ ಕೆಳಗಡೆ ಸಣ್ಣಕ್ಷರದಲ್ಲಿ ಒಂದೆರಡು ಸೂಚನೆಗಳಿರುತ್ತವೆ. ಈಚೆಗೆ ಒಬ್ಬರು ಫೇಲಾದ ಹಾಳೆ ಹಿಡಿದು ಕೋಪದಿಂದ ನನ್ನ ಬಳಿ ಬಂದರು. ಹಳೆಯ ವರದಿ ಎಲ್ಲಿ ಎಂದೆ. ಗ್ಲೋವ್ ಬಾಕ್ಸಿನಿಂದ, ಮಡಿಕೆ ಬಿಚ್ಚದ ಸ್ಥಿತಿಯಲ್ಲೇ ಹೊರಬಂತು. 'ಮುಂದಿನ ಬಲ ಬಾಲ್ ಜಾಯಿಂಟಿನ ರಬ್ಬರ್ ಬಿರುಕು ಬಿಟ್ಟಿದೆ, ಗಮನಿಸಿ' ಎಂದಿತ್ತು. ಹೊಸ ಹಾಳೆಯಲ್ಲಿ ಅದೇ ರಬ್ಬರ್ ಹರಿದಿತ್ತು, ಜೊತೆಗೆ ಜಾಯಿಂಟೂ ಹೋಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ಓದಿಕೊಂಡವರು, ಏನೂ ಹೇಳದೆ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟರು.