57 ಜಿ/11: ಅರ್ಕಾವತಿ ಹುಟ್ಟುವ ಹಾಳೆ

ಸರ್ವೆ ಆಫ್ ಇಂಡಿಯಾದ 57 ಜಿ/11 ಎಂಬ ಟೋಪೋಶೀಟಿನಲ್ಲಿ, ಅಂದರೆ ನೆಲದ ಏರಿಳಿತ, ಹಳ್ಳ, ಕೆರೆ ತೋರಿಸುವ ನಕ್ಷೆಯ ಹಾಳೆಯಲ್ಲಿ, ನಂದಿಬೆಟ್ಟವೂ ಇದೆ, ದೊಡ್ಡಬಳ್ಳಾಪುರವೂ ಇದೆ. ಹಾಳೆಯ ಒಂದೊಂದು ಬದಿಯೂ ನೆಲದ ಮೇಲೆ ಸುಮಾರು 27 ಕಿಲೋಮೀಟರ್. ಅರ್ಕಾವತಿ ನದಿ ಹುಟ್ಟುವುದು ಇಲ್ಲೇ. ಆದರೆ ಹಳೆಯ ಹಾಳೆ ಬಿಡಿಸಿ ನದಿಯನ್ನು ಹುಡುಕಿದರೆ ಮೊದಲು ಸಿಗುವುದು ಕೆರೆಗಳು, ಒಂದರ ಕೆಳಗೊಂದು.

ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಸಮೋನ್ನತಿ ರೇಖೆಗಳು ಎಲ್ಲಿ ಬೆಟ್ಟದ ಕಡೆಗೆ ಬಾಗಿವೆಯೋ ಅಲ್ಲಿ ಹಳ್ಳವಿದೆ ಎಂದರ್ಥ. ಅದಕ್ಕೆ ಅಡ್ಡಲಾಗಿ ಕೆರೆ ಏರಿಯ ಗೆರೆ. ಎತ್ತರವನ್ನು ಮೀಟರಿನಲ್ಲಿ ಕೊಡುವ ಮೆಟ್ರಿಕ್ ಹಾಳೆಗಳಲ್ಲಿ ಏರಿಯ ಪಕ್ಕ ‘6ಆರ್’ ಎಂಬಂಥ ಪುಟ್ಟ ಅಂಕಿ ಇರುತ್ತದೆ: ಏರಿ ಅಕ್ಕಪಕ್ಕದ ನೆಲಕ್ಕಿಂತ ಆರು ಮೀಟರ್ ಎತ್ತರ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರಾಚೆಯದಕ್ಕೆ. ದೊಡ್ಡಬಳ್ಳಾಪುರದ ನಾಗರಕೆರೆಯೂ ಈ ಸಾಲಿನದೇ. ಅರ್ಕಾವತಿಯ ಮೇಲ್ಭಾಗ ಎಂದರೆ ನನ್ನ ಪ್ರಕಾರ ಈ ಕೆರೆಸಾಲೇ.

ಇದೇ ನೀರನ್ನು ನಂಬಿ ಬೆಂಗಳೂರಿಗಾಗಿ 1894ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂದವು. ಆಮೇಲೆ ಒಳಹರಿವು ಕುಸಿಯಿತು. ಮಳೆ ಕೈಕೊಟ್ಟಿತು ಎನ್ನುವುದು ಸುಲಭದ ಉತ್ತರ, ಆದರೆ ಮಳೆಯ ದಾಖಲೆಗಳು ಅದನ್ನು ಒಪ್ಪುವುದಿಲ್ಲ. ಸಮೋನ್ನತಿ ರೇಖೆಗಳೂ ಇದ್ದಲ್ಲೇ ಇವೆ, ಇಳಿಜಾರು ಬದಲಾಗಿಲ್ಲ. ಹಾಗಾದರೆ ನೀರು ಹೋದದ್ದೆಲ್ಲಿಗೆ?

ಸುಳಿವು ಅದೇ ಹಾಳೆಯಲ್ಲಿದೆ. ಹೊಲಗಳ ನಡುವೆ, ತೋಟಗಳ ಅಂಚಿನಲ್ಲಿ ಬಾವಿಗಳ ಗುರುತುಗಳಿವೆ. ಗಟ್ಟಿ ಬಂಡೆಯ ಈ ಸೀಮೆಯಲ್ಲಿ ತೆರೆದ ಬಾವಿ ತೋಡುತ್ತಿದ್ದುದು ಮೇಲಿನ ಸಡಿಲ ಪದರದ ನೀರಿಗಾಗಿ. ಅಂತರ್ಜಲ ಅಷ್ಟು ಮೇಲಿದ್ದಾಗ ಮಳೆಗಾಲ ಮುಗಿದ ಮೇಲೂ ಹಳ್ಳಕ್ಕೆ ಒರತೆ ಬರುತ್ತಿತ್ತು. ಬೋರ್‌ವೆಲ್‌ಗಳು ನೂರಾರು ಅಡಿ ಇಳಿದ ಮೇಲೆ ಆ ಒರತೆ ಬತ್ತಿತು. ಈಗ ಹಳ್ಳಕ್ಕೆ ಬಿದ್ದ ನೀರೇ ತಳಕ್ಕೆ ಇಂಗುತ್ತದೆ. ಬಯಲುಗಳಲ್ಲಿ ಬೆಳೆಸಿದ ನೀಲಗಿರಿ ತೋಪುಗಳೂ ಮಣ್ಣಿನ ತೇವವನ್ನು ಕೆಳಗಿಳಿಯುವ ಮೊದಲೇ ಹೀರುತ್ತವೆ. ಅರ್ಕಾವತಿ ಬತ್ತಿದ್ದಕ್ಕೆ ಸಂಶೋಧಕರು ಮುಖ್ಯವಾಗಿ ಬೊಟ್ಟು ಮಾಡುವುದು ಈ ಎರಡರ ಕಡೆಗೇ.

ನಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ ಎನ್ನಿ. ಬಾವಿ ಎಲ್ಲಿತ್ತೆಂದು ಹೇಳುತ್ತದೆ, ನೀರು ಎಷ್ಟು ಅಡಿಗಿತ್ತೆಂದು ಹೇಳುವುದಿಲ್ಲ. ಅದನ್ನು ಊರಿನ ಹಿರಿಯರನ್ನೇ ಕೇಳಬೇಕು. ಕೆರೆಯಿಂದ ಕೆರೆಗೆ ನೀರು ಹರಿಯುವ ರಾಜಕಾಲುವೆಯ ಜಾಡಿಗೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ ಹೆಚ್ಚು ನಿಖರ: ಸರ್ವೆ ನಂಬರ್ ಸಮೇತ ಸಿಗುತ್ತದೆ. ಎರಡನ್ನೂ ಇಂದಿನ ಉಪಗ್ರಹ ಚಿತ್ರದ ಪಕ್ಕ ಇಟ್ಟು ನೋಡಿದರೆ, ಕಾಲುವೆ ಯಾವ ಬಡಾವಣೆಯ ಅಡಿ ಮುಚ್ಚಿಹೋಗಿದೆ ಎಂಬುದು ತಿಳಿಯುತ್ತದೆ. ಕೆರೆಯ ಹೂಳೆತ್ತಲು ದುಡ್ಡು ಸುರಿಯುವ ಮೊದಲು ಮಾಡಬೇಕಾದ ಕೆಲಸ ಇದು.