ಹೆಸರಿನ ಎದುರಿಗೆ ಒಂದು ತಾರೀಖು

"ನೀವು ಫೋನ್ ಮಾಡ್ತೀರಾ ಅಂತ ಎರಡು ವಾರ ಕಾದ್ವಿ. ಆಮೇಲೆ ಬೇರೆಯವರ ಹತ್ರ ತಗೊಂಡ್ಬಿಟ್ವಿ."

ಆಫೀಸ್ ಪ್ರಿಂಟರ್ ಮಾರುವ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಕೇಳಿಸಿಕೊಂಡ ಮಾತು ಇದು. ಹೇಳಿದವರು ಒಂದು ಸಣ್ಣ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಮೇಡಂ. ಅವರಿಗೆ ಡೆಮೋ ಕೊಟ್ಟಿದ್ದೆ, ಕೊಟೇಷನ್ನೂ ಕಳಿಸಿದ್ದೆ. "ಈಗಿರೋ ಮೆಷಿನ್ನಿನ ಸರ್ವಿಸ್ ಕಾಂಟ್ರಾಕ್ಟ್ ಇನ್ನು ಮೂರು ತಿಂಗಳಿಗೆ ಮುಗಿಯುತ್ತೆ, ಆಗ ಮಾತಾಡೋಣ" ಎಂದಿದ್ದರು. ನಾನು ಅದನ್ನು "ಬೇಡ" ಎನ್ನುವುದರ ನಯವಾದ ರೂಪ ಅಂದುಕೊಂಡೆ. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ನಾನು ಮತ್ತೆ ಫೋನ್ ಮಾಡುವಷ್ಟರಲ್ಲಿ ನಾಲ್ಕೂವರೆ ತಿಂಗಳಾಗಿತ್ತು.

ಅವರಿಗೆ ನನ್ನ ಮೆಷಿನ್ ಹಿಡಿಸಿತ್ತು, ಬೆಲೆಯೂ ಒಪ್ಪಿಗೆಯಾಗಿತ್ತು. ನಾನು ಒಂದು ತಾರೀಖು ಬರೆದಿಟ್ಟುಕೊಂಡಿದ್ದರೆ ಸಾಕಿತ್ತು. ಅಂದಿನಿಂದ ನನ್ನದು ಒಂದೇ ನಿಯಮ. ಗಿರಾಕಿಗಳ ಪಟ್ಟಿಯಲ್ಲಿ ಯಾವ ಹೆಸರೂ ಮುಂದಿನ ತಾರೀಖಿಲ್ಲದೆ ಇರಬಾರದು. ಹೊಸದಾಗಿ ಸೇಲ್ಸ್‌ಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು "ಗಿರಾಕಿಗಳ ವಿವರ ಇಡೋಕೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ?" ಅಂತ. ನಾನು ಅವರ ಪಟ್ಟಿ ತೆಗೆಸಿ, ಎಷ್ಟು ಹೆಸರಿನ ಎದುರಿಗೆ ತಾರೀಖು ಇದೆ ಅಂತ ನೋಡುತ್ತೇನೆ. ಹೆಚ್ಚಿನವರ ಪಟ್ಟಿಯಲ್ಲಿ ಹೆಸರು, ನಂಬರ್ ಇರುತ್ತವೆ, ಅಷ್ಟೇ.

ತಾರೀಖನ್ನು ನಾವೇ ಊಹಿಸಿ ಹಾಕುವುದಕ್ಕಿಂತ ಗಿರಾಕಿಯ ಬಾಯಿಂದಲೇ ಪಡೆಯುವುದು ಒಳ್ಳೆಯದು. ಮಾತು ಮುಗಿಸುವ ಮುಂಚೆ ಕೇಳಿಬಿಡಿ, "ಹಾಗಾದ್ರೆ ನಾನು ಮತ್ತೆ ಯಾವಾಗ ಫೋನ್ ಮಾಡಲಿ?" "ಮುಂದಿನ ವಾರ" ಎಂದರೆ, "ಗುರುವಾರ ಬೆಳಗ್ಗೆ ಆಗುತ್ತಾ?" ಎನ್ನಿ. ಗುರುವಾರ ಫೋನ್ ಮಾಡಿದಾಗ "ನೀವೇ ಇವತ್ತು ಮಾಡಿ ಅಂದಿದ್ರಲ್ಲ" ಅಂತ ಧೈರ್ಯವಾಗಿ ಮಾತು ಶುರು ಮಾಡಬಹುದು. ಫಾಲೋ ಅಪ್ ಎಂದರೆ ಎಷ್ಟೋ ಜನಕ್ಕೆ ಹಿಂಜರಿಕೆ, ಪೀಡಿಸಿದಂತಾಗುತ್ತೇನೋ ಅನ್ನುವ ಅಳುಕು. ಕೇಳಿ ಪಡೆದ ದಿನಕ್ಕೆ ಮಾಡಿದ ಫೋನು ಪೀಡೆ ಆಗುವುದಿಲ್ಲ, ಕೊಟ್ಟ ಮಾತು ಉಳಿಸಿಕೊಂಡ ಹಾಗೆ ಆಗುತ್ತದೆ.

ಇದನ್ನೆಲ್ಲ ಬರೆದಿಡಲು ಗೂಗಲ್ ಶೀಟ್ ಒಂದಿದ್ದರೆ ಸಾಕು, ಎಕ್ಸೆಲ್ ಆದರೂ ಆಗುತ್ತದೆ. ನನ್ನ ಶೀಟಿನಲ್ಲಿ ಐದು ಕಾಲಂ ಇವೆ: ಹೆಸರು, ಫೋನ್, ಕೊನೆಗೆ ಮಾತಾಡಿದ ದಿನ, ಅವರು ಹೇಳಿದ್ದು, ಮುಂದಿನ ದಿನ. ಹತ್ತಿಪ್ಪತ್ತು ಕಾಲಂ ಮಾಡಿಕೊಂಡವರನ್ನು ನೋಡಿದ್ದೇನೆ. ಎರಡನೇ ವಾರಕ್ಕೆ ಅರ್ಧ ಕಾಲಂ ಖಾಲಿ ಬಿದ್ದಿರುತ್ತವೆ, ಮೂರನೇ ವಾರಕ್ಕೆ ಶೀಟನ್ನೇ ತೆರೆಯುವುದಿಲ್ಲ.

"ಅವರು ಹೇಳಿದ್ದು" ಎನ್ನುವ ಕಾಲಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಫಾಲೋ ಅಪ್‌ನ ಜೀವ ಇರುವುದು ಅಲ್ಲೇ. ಅಲ್ಲಿ "ಆಸಕ್ತಿ ಇದೆ" ಅಂತ ಬರೆದರೆ ಯಾವ ಉಪಯೋಗವೂ ಇಲ್ಲ. ಒಂದು ತಿಂಗಳ ನಂತರ ಅದನ್ನು ಓದಿದಾಗ ಏನು ಮಾತಾಡಬೇಕು ಅಂತ ನಿಮಗೇ ತಿಳಿಯುವುದಿಲ್ಲ. ನನ್ನ ಶೀಟಿನ ಒಂದು ಸಾಲು ಹೀಗಿತ್ತು: "ಎರಡನೇ ಮಹಡಿ ಪ್ರಿಂಟರ್‌ನಲ್ಲಿ ದಿನಾ ಪೇಪರ್ ಸಿಕ್ಕಿಕೊಳ್ಳುತ್ತೆ. ಕೊಳ್ಳೋ ತೀರ್ಮಾನ ಅಣ್ಣನದು. ಅಣ್ಣ 20ಕ್ಕೆ ವಾಪಸ್. ಬಣ್ಣದ ಪ್ರಿಂಟ್ ಬೇಡವೇ ಬೇಡ." ಈ ನಾಲ್ಕು ಮಾತಿನಲ್ಲಿ ಎಲ್ಲವೂ ಇದೆ. ಯಾವಾಗ ಫೋನ್ ಮಾಡಬೇಕು, ಯಾರ ಜೊತೆ ಮಾತಾಡಬೇಕು, ಎಲ್ಲಿಂದ ಶುರು ಮಾಡಬೇಕು, ಯಾವ ಮಾತು ಎತ್ತಲೇಬಾರದು. ಗಿರಾಕಿ ಆಡಿದ ಪದಗಳನ್ನೇ ಬರೆಯಿರಿ. ನಮ್ಮ ಭಾಷೆಗೆ ತಿರುಗಿಸಿದ ತಕ್ಷಣ ಅದರಲ್ಲಿ ಅರ್ಧ ಹೋಗಿಬಿಡುತ್ತದೆ.

ಮತ್ತೆ, ಅದನ್ನು ಅಲ್ಲೇ ಬರೆಯಿರಿ. ಸಂಜೆ ಕೂತು ಬರೆದರಾಯಿತು ಅನ್ನಬೇಡಿ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು, 1885ರಲ್ಲಿ ಪ್ರಕಟಿಸಿದ. ಮರೆವು ಬಹಳ ಜೋರಾಗಿರುವುದು ಮೊದಲ ಕೆಲವು ಗಂಟೆಗಳಲ್ಲಿ, ಆಮೇಲೆ ನಿಧಾನವಾಗುತ್ತದೆ ಅಂತ ಅವನಿಗೆ ಕಂಡಿತು. ಒಂದೇ ದಿನ ಆರು ಕಡೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಆಫೀಸಿನವರು ಹೇಳಿದ್ದು ಮೂರನೆಯವರ ಬಾಯಿಗೆ ಹೋಗಿ ಕೂತಿರುತ್ತದೆ. ನಾನು ಮೆಟ್ಟಿಲು ಇಳಿದ ಕೂಡಲೇ ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಟೈಪ್ ಮಾಡುತ್ತೇನೆ. ಟೈಪ್ ಮಾಡಲು ಆಗದಿದ್ದರೆ ವಾಯ್ಸ್ ನೋಟ್ ಮಾಡಿ ನನಗೆ ನಾನೇ ಕಳಿಸಿಕೊಳ್ಳುತ್ತೇನೆ.

ಶೀಟಿನಲ್ಲಿ ಒಂದು ಸಣ್ಣ ವಿಷಯ ಬಹಳ ಜನರನ್ನು ಕೆಡಿಸುತ್ತದೆ. ತಾರೀಖನ್ನು ಎಲ್ಲರೂ ಕೈಗೆ ಬಂದ ಹಾಗೆ ಹೊಡೆಯುತ್ತಾರೆ. "12ನೇ ತಾರೀಖು" ಎಂದು ಹೊಡೆದರೆ ಶೀಟಿಗೆ ಅದು ಬರೀ ಅಕ್ಷರ. ಅದನ್ನು ದಿನದ ಪ್ರಕಾರ ಜೋಡಿಸಿಕೊಡಲು ಶೀಟಿಗೆ ಆಗುವುದಿಲ್ಲ. ಕಂಡುಹಿಡಿಯುವುದು ಸುಲಭ. ನೀವು ಅಲೈನ್‌ಮೆಂಟ್ ಬದಲಿಸಿರದಿದ್ದರೆ, ಸರಿಯಾದ ತಾರೀಖು ಚೌಕದ ಬಲಗಡೆಗೆ ಹೋಗಿ ನಿಲ್ಲುತ್ತದೆ, ಅಕ್ಷರ ಎಡಗಡೆಗೆ ಅಂಟಿಕೊಳ್ಳುತ್ತದೆ. ಎಡಗಡೆ ನಿಂತ ತಾರೀಖು ಕಂಡರೆ ಅದನ್ನು ತಿದ್ದಿ. ಹಾಗೇ 5/3 ಅಂತ ಹೊಡೆದದ್ದು ಮಾರ್ಚ್ 5 ಆಗಿದೆಯೋ ಮೇ 3 ಆಗಿದೆಯೋ ಒಮ್ಮೆ ನೋಡಿಕೊಳ್ಳಿ. ಅದು ಶೀಟಿನ ಸೆಟ್ಟಿಂಗ್ಸ್‌ನಲ್ಲಿ ಯಾವ ದೇಶ ಇದೆ ಎನ್ನುವುದರ ಮೇಲೆ ನಿಂತಿದೆ. ಇದಾದ ಮೇಲೆ "ಮುಂದಿನ ದಿನ" ಕಾಲಂ ಆರಿಸಿ, ಕಂಡೀಷನಲ್ ಫಾರ್ಮ್ಯಾಟಿಂಗ್‌ಗೆ ಹೋಗಿ, ಇವತ್ತಿನ ತಾರೀಖು ಹಳದಿ, ದಾಟಿ ಹೋದದ್ದು ಕೆಂಪು ಅಂತ ಹಾಕಿಬಿಡಿ. ಬೆಳಗ್ಗೆ ಶೀಟ್ ತೆರೆದರೆ ಅವತ್ತಿನ ಕೆಲಸ ಬಣ್ಣದಲ್ಲೇ ಕಾಣುತ್ತದೆ. ಒಂದು ಎಚ್ಚರಿಕೆ: ಶೀಟನ್ನು "ಲಿಂಕ್ ಇದ್ದ ಯಾರು ಬೇಕಾದರೂ ನೋಡಬಹುದು" ಅಂತ ಬಿಡಬೇಡಿ. ಅದರಲ್ಲಿರುವುದು ನಿಮ್ಮನ್ನು ನಂಬಿ ಜನ ಕೊಟ್ಟ ನಂಬರುಗಳು.

ಕಂಪ್ಯೂಟರ್ ಒಗ್ಗದವರೂ ಇದ್ದಾರೆ. ಅವರಿಗೆ 43 ಫೋಲ್ಡರುಗಳ ಹಳೆಯ ಪದ್ಧತಿ ಇದೆ. 31 ಫೋಲ್ಡರು ತಿಂಗಳ ದಿನಗಳಿಗೆ, 12 ಫೋಲ್ಡರು ವರ್ಷದ ತಿಂಗಳುಗಳಿಗೆ. ಇದೇ ತಿಂಗಳ 17ಕ್ಕೆ ಫೋನ್ ಮಾಡಬೇಕಾದವರ ಚೀಟಿ 17ರ ಫೋಲ್ಡರಿಗೆ ಹೋಗುತ್ತದೆ. ಆಗಸ್ಟ್‌ನಲ್ಲಿ ಮಾತಾಡಬೇಕಾದವರ ಚೀಟಿ ಆಗಸ್ಟ್ ಫೋಲ್ಡರಿಗೆ. ತಿಂಗಳು ಹುಟ್ಟಿದ ದಿನ ಆ ತಿಂಗಳ ಫೋಲ್ಡರನ್ನು ಬರಿದು ಮಾಡಿ ಚೀಟಿಗಳನ್ನು ದಿನಗಳಿಗೆ ಹಂಚುವುದು, ಆಮೇಲೆ ದಿನಾ ಬೆಳಗ್ಗೆ ಅವತ್ತಿನ ಫೋಲ್ಡರ್ ತೆರೆಯುವುದು. ಕರೆಂಟ್ ಬೇಡ, ನೆಟ್ ಬೇಡ. ಅಷ್ಟು ಫೋಲ್ಡರಿಗೆ ಜಾಗ ಇಲ್ಲದಿದ್ದರೆ ದಿನಕ್ಕೊಂದು ಪುಟದ ಡೈರಿ ಇದೇ ಕೆಲಸ ಮಾಡುತ್ತದೆ.

ಈಗ ವಾಟ್ಸಾಪ್ ವಿಷಯಕ್ಕೆ ಬರೋಣ. ನಮ್ಮಲ್ಲಿ ಬಹಳಷ್ಟು ಜನ ದಿನಪೂರ್ತಿ ಕಳೆಯುವುದು ಅಲ್ಲೇ ಅಲ್ವಾ? ವಾಟ್ಸಾಪ್ ಬಿಸಿನೆಸ್ ಆ್ಯಪ್ 2018ರ ಜನವರಿಯಲ್ಲಿ ಬಂತು. ಅದರಲ್ಲಿ ಪ್ರತಿ ಚಾಟಿಗೂ ಲೇಬಲ್ ಹಚ್ಚಬಹುದು: ಹೊಸ ಗಿರಾಕಿ, ಹೊಸ ಆರ್ಡರ್, ಪೇಮೆಂಟ್ ಬಾಕಿ, ಹೀಗೆ. ಪದೇ ಪದೇ ಕಳಿಸುವ ಉತ್ತರಗಳನ್ನು ಕ್ವಿಕ್ ರಿಪ್ಲೈ ಅಂತ ಉಳಿಸಿಟ್ಟುಕೊಳ್ಳಬಹುದು. ಒಳ್ಳೆಯ ಸೌಲಭ್ಯಗಳೇ. ಆದರೆ ಲೇಬಲ್ ಹೇಳುವುದು ಗಿರಾಕಿ ಈಗ ಎಲ್ಲಿದ್ದಾರೆ ಅನ್ನುವುದನ್ನು ಮಾತ್ರ. ಮತ್ತೆ ಯಾವತ್ತು ಮಾತಾಡಬೇಕು ಅನ್ನುವುದನ್ನು ಅದು ಹೇಳುವುದಿಲ್ಲ. ಹಾಗಾಗಿ ಲೇಬಲ್ ಹಚ್ಚಿದ ಮೇಲೂ ಶೀಟಿಗೆ ತಾರೀಖು ಹೋಗಲೇಬೇಕು.

ಬ್ರಾಡ್‌ಕಾಸ್ಟ್, ಅಂದರೆ ಒಂದೇ ಮೆಸೇಜನ್ನು ಬಹಳ ಜನರಿಗೆ ಒಟ್ಟಿಗೆ ಕಳಿಸುವುದು, ಅದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬಿಗಿ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. "ಎಲ್ಲರಿಗೂ ಕಳಿಸಿದೆ, ಒಬ್ಬರೂ ಉತ್ತರ ಕೊಡಲಿಲ್ಲ" ಎಂದು ಬೇಜಾರಾಗುವವರಿಗೆ ಇದು ಗೊತ್ತಿರುವುದಿಲ್ಲ. ಆಫೀಸಿನ ಜಾಗ ಬದಲಾಯಿತು, ನಂಬರ್ ಬದಲಾಯಿತು, ಇಂಥದ್ದಕ್ಕೆ ಬ್ರಾಡ್‌ಕಾಸ್ಟ್ ಸರಿ. ಒಬ್ಬ ಗಿರಾಕಿಯ ಫಾಲೋ ಅಪ್‌ಗೆ ಬೇಡ. ಇನ್ನು ಗಿರಾಕಿಗಳನ್ನೆಲ್ಲ ಒಂದು ಗ್ರೂಪಿಗೆ ಸೇರಿಸುವುದನ್ನಂತೂ ಮಾಡಲೇಬೇಡಿ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ಅವರು ಅದಕ್ಕೆ ಒಪ್ಪಿಗೆ ಕೊಟ್ಟಿರುವುದಿಲ್ಲ.

ಬರೆಯುವುದು ಹೇಗೆ? "ಸರ್, ಸುಮ್ನೆ ಒಂದು ಫಾಲೋ ಅಪ್. ಏನಾಯ್ತು ನಮ್ಮ ಕೊಟೇಷನ್?" ಇಂಥ ಮೆಸೇಜನ್ನು ನಾನೂ ನೂರಾರು ಸಲ ಕಳಿಸಿದ್ದೇನೆ. ಅದನ್ನು ಓದಿದವರಿಗೆ ಸಿಗುವುದೇನು? ಒಂದು ಬಾಕಿ ಕೆಲಸದ ನೆನಪು, ಅಷ್ಟೇ. ಮೇಲೆ ಹೇಳಿದ ಎರಡನೇ ಮಹಡಿಯವರಿಗೆ ಕೊನೆಗೆ ನಾನು ಬರೆದದ್ದು ಹೀಗೆ: "ಸರ್, ನಿಮ್ಮ ಅಣ್ಣ ನಿನ್ನೆ ಬಂದಿರಬೇಕು. ಪೇಪರ್ ಸಿಕ್ಕಿಕೊಳ್ಳೋದು ಒಂದೇ ಟ್ರೇಯಿಂದಲೋ ಎರಡರಿಂದಲೋ ನೋಡಿ ಹೇಳ್ತೀರಾ? ಒಂದೇ ಆದ್ರೆ ಹಳೆಯ ಮೆಷಿನ್ನಿನ ರೋಲರ್ ಬದಲಾಯಿಸಿದ್ರೆ ಸಾಕಾಗಬಹುದು." ಹತ್ತು ನಿಮಿಷದಲ್ಲಿ ಉತ್ತರ ಬಂತು. ತೊಂದರೆ ಒಂದೇ ಟ್ರೇಯದು. ರೋಲರ್ ಬದಲಾಯಿಸಿಕೊಟ್ಟೆ, ಅವತ್ತು ಮೆಷಿನ್ ಮಾರಾಟ ಆಗಲಿಲ್ಲ. ಮಾರನೆಯ ವರ್ಷ ಮೂರನೇ ಮಹಡಿಗೆ ಹೊಸದು ಬೇಕಾದಾಗ ಅಣ್ಣನೇ ಫೋನ್ ಮಾಡಿದರು. ಪ್ರತಿ ಮೆಸೇಜಿನಲ್ಲೂ ಅವರಿಗೆ ಉಪಯೋಗವಾಗುವ ಒಂದು ಮಾತು, ಇಲ್ಲವೇ ಒಂದೇ ಪದದಲ್ಲಿ ಉತ್ತರಿಸಬಹುದಾದ ಒಂದು ಪ್ರಶ್ನೆ ಇರಲಿ. ಎರಡೂ ಹೊಳೆಯದಿದ್ದರೆ ಅವತ್ತು ಕಳಿಸದೆ ಇರುವುದೇ ವಾಸಿ.

ಇ-ಮೇಲ್ ವಿಷಯದಲ್ಲಿ ಎರಡು ಮಾತು ಸಾಕು. ಹಳೆಯ ಮೇಲ್‌ಗೇ ರಿಪ್ಲೈ ಮಾಡಿ, ಕೊಟೇಷನ್ ಹುಡುಕುವ ಕೆಲಸ ಅವರಿಗೆ ತಪ್ಪುತ್ತದೆ. ರಾತ್ರಿ ಹನ್ನೊಂದಕ್ಕೆ ಬರೆದದ್ದನ್ನು ಆಗಲೇ ಕಳಿಸಬೇಡಿ. ಜಿಮೇಲ್‌ನಲ್ಲಿ 2019ರಿಂದ ಶೆಡ್ಯೂಲ್ ಸೆಂಡ್ ಇದೆ, ಬೆಳಗ್ಗೆ ಒಂಬತ್ತೂವರೆಗೆ ಹಾಕಿಟ್ಟು ಮಲಗಿ.

ಕೊಂಡವರನ್ನು ನಾವು ಬೇಗ ಮರೆಯುತ್ತೇವೆ, ಇದು ನನಗೆ ತುಂಬ ನೋವು ಕೊಡುವ ವಿಷಯ. ಆರ್ಡರ್ ಬರುವವರೆಗೆ ದಿನಕ್ಕೆರಡು ಫೋನು, ಆಮೇಲೆ ಸರ್ವಿಸ್‌ಗೆ ಅವರೇ ಫೋನ್ ಮಾಡಿದರೂ ಎತ್ತುವವರಿಲ್ಲ. ಅಮೆರಿಕದಲ್ಲಿ ಜೋ ಜಿರಾರ್ಡ್ ಎಂಬ ಕಾರ್ ಸೇಲ್ಸ್‌ಮನ್ ಇದ್ದರು. 1963ರಿಂದ 1978ರವರೆಗೆ 13,001 ಕಾರು ಮಾರಿ ಗಿನ್ನೆಸ್ ದಾಖಲೆ ಮಾಡಿದವರು. ಅವರು ತಮ್ಮ ಗಿರಾಕಿಗಳಿಗೆ ತಿಂಗಳು ತಿಂಗಳೂ ಕಾರ್ಡ್ ಕಳಿಸುತ್ತಿದ್ದರು. ಆ ಕಾರ್ಡಿನ ಕಥೆಯನ್ನು ಸೇಲ್ಸ್ ಟ್ರೇನಿಂಗ್‌ನಲ್ಲಿ ಹೇಳುತ್ತಲೇ ಇರುತ್ತಾರೆ. ಆಗಲೇ ಕಾರು ಕೊಂಡು ಹೋದವರಿಗೂ ಅದು ತಪ್ಪದೆ ಹೋಗುತ್ತಿತ್ತು ಅನ್ನುವುದು ನನಗೆ ಮುಖ್ಯವಾಗಿ ಕಂಡದ್ದು. ನಾನು ಕಾರ್ಡ್ ಕಳಿಸುವುದಿಲ್ಲ. ಮೆಷಿನ್ ಕೊಟ್ಟ ಹತ್ತನೇ ದಿನ ಒಂದು ಫೋನ್, ಮೂರನೇ ತಿಂಗಳು ಒಂದು, ಕಾಂಟ್ರಾಕ್ಟ್ ಮುಗಿಯುವ ಒಂದು ತಿಂಗಳ ಮುಂಚೆ ಒಂದು. ಮೂರೂ ತಾರೀಖುಗಳು ಡೆಲಿವರಿ ಆದ ದಿನವೇ ಫೋನಿನ ಕ್ಯಾಲೆಂಡರಿಗೆ ಹೋಗುತ್ತವೆ. ಹತ್ತನೇ ದಿನದ ಫೋನಿನಲ್ಲಿ ಏನನ್ನೂ ಮಾರಬೇಡಿ. "ಎಲ್ಲಾ ಸರಿ ಇದೆಯಾ?" ಅಂತ ಕೇಳಿ ಸುಮ್ಮನಿರಿ. ಅವರು ಹೇಳುವುದು ಬಹಳ ಇರುತ್ತದೆ.

ದೊಡ್ಡ ಸಾಫ್ಟ್‌ವೇರ್ ಯಾವಾಗ ಬೇಕು ಅಂತ ಕೇಳುವವರಿಗೆ: ಒಬ್ಬ ಗಿರಾಕಿಯ ಜೊತೆ ನಿಮ್ಮ ಕಡೆಯಿಂದ ಇಬ್ಬರು ಮೂವರು ಮಾತಾಡಲು ಶುರು ಮಾಡಿದಾಗ. ಯಾರು ಏನು ಹೇಳಿದರು ಅಂತ ಶೀಟಿನಲ್ಲಿ ಗೊಂದಲ ಆಗುತ್ತದೆ. ಆಗ ಬದಲಾಯಿಸಿ. ಶೀಟ್ ಅಚ್ಚುಕಟ್ಟಾಗಿದ್ದರೆ ಅಲ್ಲಿರುವುದನ್ನೆಲ್ಲ ಹಾಗೇ ಹೊಸದಕ್ಕೆ ಸಾಗಿಸಬಹುದು.

ಉತ್ತರವೇ ಕೊಡದವರನ್ನು ಏನು ಮಾಡುವುದು? ಕೊಟೇಷನ್ ಕಳಿಸಿದ ಮಾರನೆಯ ದಿನ ತಲುಪಿತಾ ಅಂತ ಕೇಳುತ್ತೇನೆ, ನಾಲ್ಕೈದು ದಿನ ಬಿಟ್ಟು ಒಂದು ಪ್ರಶ್ನೆ, ಎರಡು ವಾರಕ್ಕೆ ಇನ್ನೊಂದು. ಆಮೇಲೂ ಮೌನವಾಗಿದ್ದರೆ ಒಂದು ತಿಂಗಳು ಬಿಟ್ಟು ಕೊನೆಯದಾಗಿ ಬರೆಯುತ್ತೇನೆ: "ಸರ್, ಈಗ ನಿಮಗೆ ಇದರ ಅಗತ್ಯ ಇಲ್ಲ ಅಂದುಕೊಳ್ತೀನಿ. ಇನ್ಮೇಲೆ ನಾನಾಗಿ ಮೆಸೇಜ್ ಮಾಡಲ್ಲ. ಯಾವಾಗ ಬೇಕಾದ್ರೂ ಇದೇ ನಂಬರಿಗೆ ಹೇಳಿ." ಕೆಲವರು ಇದಕ್ಕೆ ತಕ್ಷಣ ಉತ್ತರಿಸುತ್ತಾರೆ, "ಅಯ್ಯೋ ಹಾಗೇನಿಲ್ಲ, ಸ್ವಲ್ಪ ಓಡಾಟ ಇತ್ತು" ಅಂತ. ಅವರ ಹತ್ತಿರ ಹೊಸ ತಾರೀಖು ಕೇಳಿ ಬರೆದುಕೊಳ್ಳುತ್ತೇನೆ. ಉಳಿದವರ ಸಾಲನ್ನು ಬೇರೆ ಶೀಟಿಗೆ ಸರಿಸಿ, ಆ ದಿನದ ತಾರೀಖಿನ ಜೊತೆ "ಇನ್ನು ಫೋನ್ ಬೇಡ" ಎಂದು ಬರೆದಿಡುತ್ತೇನೆ. ನಾಳೆ ನನ್ನ ಜಾಗಕ್ಕೆ ಬರುವವರು ಗೊತ್ತಿಲ್ಲದೆ ಅವರಿಗೆ ಮತ್ತೆ ಫೋನ್ ಹಚ್ಚಬಾರದು.