ಮೊದಲು ಒಂದು ಬಾಗಿಲು

ವರ್ಚುವಲ್ ಲೋಕ ಕಟ್ಟುವ ತಂತ್ರಾಂಶವನ್ನು ಮೊದಲ ಸಲ ತೆರೆದಾಗ ಕಣ್ಣಿಗೆ ಬೀಳುವುದು ಖಾಲಿ ಬಯಲು. ಇಲ್ಲಿ ಏನು ಬೇಕಾದರೂ ಕಟ್ಟಬಹುದು ಎಂಬ ಹುಮ್ಮಸ್ಸಿನಲ್ಲಿ ಹೆಚ್ಚಿನವರು ಒಂದು ಊರನ್ನೇ ಕಟ್ಟಲು ಹೊರಡುತ್ತಾರೆ, ಎರಡು ಬೀದಿ ಮುಗಿಯುವ ಮೊದಲೇ ಕೈಬಿಡುತ್ತಾರೆ. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಮೊದಲು ಒಂದು ಬಾಗಿಲು ಮಾಡಿ. ಮುಟ್ಟಿದರೆ ತೆರೆಯಬೇಕು, ಮತ್ತೆ ಮುಟ್ಟಿದರೆ ಮುಚ್ಚಿಕೊಳ್ಳಬೇಕು. ದೃಶ್ಯ ಕಟ್ಟುವುದರಲ್ಲೂ ಸ್ಕ್ರಿಪ್ಟ್ (ವಸ್ತು ಹೇಗೆ ವರ್ತಿಸಬೇಕೆಂದು ಹೇಳುವ ಕೋಡ್) ಬರೆಯುವುದರಲ್ಲೂ ಮುಂದೆ ಎದುರಾಗುವ ದೊಡ್ಡ ಪ್ರಶ್ನೆಗಳೆಲ್ಲ ಆ ಒಂದು ಬಾಗಿಲಿನಲ್ಲೇ ಎದುರಾಗುತ್ತವೆ.

ಒಂದು ಘನಾಕೃತಿಯನ್ನು ತಂದಿಡಿ. ಅದನ್ನು ಎಳೆದು 1 ಮೀಟರ್ ಅಗಲ, 2 ಮೀಟರ್ ಎತ್ತರ, 5 ಸೆಂಟಿಮೀಟರ್ ದಪ್ಪದ ಕದವಾಗಿಸಿ. ಆಟ ಕಟ್ಟುವ ತಂತ್ರಾಂಶಗಳಾದ ಯೂನಿಟಿ, ಗೊಡೋ, ಬಳಕೆದಾರರೇ ಕಟ್ಟುವ ಆನ್‌ಲೈನ್ ಲೋಕವಾದ ಸೆಕೆಂಡ್ ಲೈಫ್, ಈ ಮೂರರಲ್ಲೂ ಅಳತೆಯ ಒಂದು ಮಾನ ಎಂದರೆ ಒಂದು ಮೀಟರ್ ಎಂದೇ ರೂಢಿ. ಅಳತೆಯನ್ನು ಕಣ್ಣಂದಾಜಿಗೆ ಬಿಡಬೇಡಿ. ಪರದೆಯ ಮೇಲೆ ಸರಿಯಾಗಿ ಕಾಣುವ ಮೂರು ಮೀಟರಿನ ಬಾಗಿಲು, ವಿಆರ್ ಹೆಡ್‌ಸೆಟ್ ತೊಟ್ಟು ಎದುರು ನಿಂತಾಗ ನಿಮ್ಮನ್ನು ಪುಟ್ಟ ಮಗುವಾಗಿಸಿಬಿಡುತ್ತದೆ. ಇನ್ನೊಂದು ಸಂಗತಿ: 3ಡಿ ಆಕಾರಗಳನ್ನು ರೂಪಿಸುವ ತಂತ್ರಾಂಶ ಬ್ಲೆಂಡರ್‌ನಲ್ಲಿ ಮೇಲ್ಮುಖದ ಅಕ್ಷ ಝಡ್, ಯೂನಿಟಿಯಲ್ಲಿ ವೈ. ಅಲ್ಲಿ ನೆಟ್ಟಗೆ ನಿಂತಿದ್ದ ಕದ ಇಲ್ಲಿಗೆ ಬಂದು ಅಂಗಾತ ಮಲಗಿದರೆ ಕಾರಣ ಇದೇ.

ಈಗ ಕದವನ್ನು ತಿರುಗಿಸಿ ನೋಡಿ. ನಾನು ಮೊದಲ ಸಲ ತಿರುಗಿಸಿದಾಗ ಅದು ನಡುಮಧ್ಯದಲ್ಲಿ ಕಂಬ ನೆಟ್ಟಂತೆ ಗಿರ್ರನೆ ತಿರುಗಿತು, ಅರ್ಧ ಕದ ಗೋಡೆಯೊಳಗೆ ಹೊಕ್ಕಿತು. ಘನಾಕೃತಿಗೆ ತನ್ನ ಕೇಂದ್ರವೇ ತಿರುಗುವ ಬಿಂದು, ಕೀಲು ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಪರಿಹಾರ ಸರಳ, ಆದರೆ ಅದರೊಳಗಿನ ವಿಚಾರ ದೊಡ್ಡದು. ಕೀಲು ಇರಬೇಕಾದ ಅಂಚಿನಲ್ಲಿ ಆಕಾರವೇ ಇಲ್ಲದ ಖಾಲಿ ವಸ್ತುವೊಂದನ್ನು ಇಟ್ಟು, ಕದವನ್ನು ಅದರ ಮಗುವನ್ನಾಗಿ ಮಾಡಬೇಕು. ತಾಯಿ ತಿರುಗಿದರೆ ಮಗುವೂ ಜೊತೆಗೆ ತಿರುಗುತ್ತದೆ. ಕದಕ್ಕೆ ಹಿಡಿಕೆ ಸೇರಿಸಿದರೆ ಅದು ಕದದ ಮಗು. ಇಡೀ ದೃಶ್ಯ ಹೀಗೇ ಒಂದು ವಂಶವೃಕ್ಷ. ಭುಜ ಅಲುಗಿದಾಗ ಬೆರಳೂ ಅಲುಗುವುದು, ಬಸ್ಸು ಹೊರಟಾಗ ಒಳಗಿನ ಸೀಟೂ ಹೊರಡುವುದು ಈ ನಂಟಿನಿಂದಲೇ. ಸೆಕೆಂಡ್ ಲೈಫ್‌ನ ಹಳಬರಂತೂ ಇನ್ನೊಂದು ಜಾಣ ಉಪಾಯ ಕಂಡುಕೊಂಡಿದ್ದರು: ಎರಡರಷ್ಟು ಅಗಲದ ಕದ ಮಾಡಿ ಅರ್ಧವನ್ನು ಕತ್ತರಿಸಿ ತೆಗೆಯುವುದು. ಕತ್ತರಿಸಿದ ಮೇಲೂ ಕೇಂದ್ರ ಇದ್ದಲ್ಲೇ ಇರುವುದರಿಂದ, ಉಳಿದರ್ಧದ ಅಂಚೇ ಕೀಲಾಗುತ್ತದೆ!

ಇನ್ನು ಸ್ಕ್ರಿಪ್ಟ್. 2003ರಲ್ಲಿ ಜನರಿಗೆ ತೆರೆದುಕೊಂಡ ಸೆಕೆಂಡ್ ಲೈಫ್‌ನಲ್ಲಿ ಹೊಸ ಸ್ಕ್ರಿಪ್ಟ್ ತೆರೆದರೆ ಅದರಲ್ಲಿ ಆಗಲೇ ಕೆಲವು ಸಾಲುಗಳಿರುತ್ತವೆ. ಶುರುವಾದಾಗ ‘ಹಲೋ, ಅವತಾರ್!’ ಎನ್ನು, ಮುಟ್ಟಿದಾಗ ‘ಟಚ್ಡ್’ ಎನ್ನು, ಇಷ್ಟೇ. ಮೇಲಿನಿಂದ ಕೆಳಗೆ ಓಡಿ ಮುಗಿದುಹೋಗುವ ಪ್ರೋಗ್ರಾಮಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಹೊಸಬರು ಇಲ್ಲಿ ಗಮನಿಸಬೇಕು. ಇದು ಓಡುವುದಿಲ್ಲ, ಕಾಯುತ್ತದೆ. ಯಾರಾದರೂ ಮುಟ್ಟಿದಾಗ, ಬಳಿ ಬಂದಾಗ, ಟೈಮರ್ ಬಡಿದಾಗ ಎಚ್ಚೆತ್ತು ತನ್ನ ಕೆಲಸ ಮಾಡಿ ಮತ್ತೆ ಸುಮ್ಮನಾಗುತ್ತದೆ. ಜೊತೆಗೆ ಬಾಗಿಲಿಗೆ ನೆನಪೂ ಬೇಕು: ತಾನೀಗ ತೆರೆದಿದೆಯೋ ಮುಚ್ಚಿದೆಯೋ? ಒಂದೇ ಸ್ಪರ್ಶಕ್ಕೆ ಎರಡು ಅರ್ಥ ಬರುವುದು ಆ ನೆನಪಿನಿಂದ.

ಮುಟ್ಟಿದ ಕೂಡಲೇ ಬಾಗಿಲು ಥಟ್ಟನೆ 90 ಡಿಗ್ರಿಗೆ ಹಾರಿ ನಿಂತರೆ ಚೆಂದವಿಲ್ಲ, ನಿಧಾನಕ್ಕೆ ತೆರೆಯಬೇಕು. ಪ್ರತಿ ಫ್ರೇಮಿಗೆ, ಅಂದರೆ ಪರದೆಯ ಚಿತ್ರ ಹೊಸದಾದಾಗಲೆಲ್ಲ, 1.5 ಡಿಗ್ರಿ ತಿರುಗು ಎಂದು ಬರೆದಿರಿ ಅನ್ನಿ. ಸೆಕೆಂಡಿಗೆ 60 ಫ್ರೇಮ್ ತೋರಿಸುವ ಕಂಪ್ಯೂಟರಿನಲ್ಲಿ ಅದು ಒಂದು ಸೆಕೆಂಡಿನಲ್ಲಿ ತೆರೆಯುತ್ತದೆ. 30 ಫ್ರೇಮಿನ ಹಳೆಯ ಯಂತ್ರದಲ್ಲಿ ಎರಡು ಸೆಕೆಂಡು, 120ರದ್ದರಲ್ಲಿ ಅರ್ಧ ಸೆಕೆಂಡು. ಬಾಗಿಲು ಒಂದೇ, ವೇಗ ಮಾತ್ರ ಯಂತ್ರಕ್ಕೊಂದು. ಆದ್ದರಿಂದ ಫ್ರೇಮ್ ಲೆಕ್ಕ ಬಿಟ್ಟು ಗಡಿಯಾರದ ಲೆಕ್ಕ ಹಿಡಿಯಬೇಕು: ಸೆಕೆಂಡಿಗೆ 90 ಡಿಗ್ರಿ ಎಂದಿಟ್ಟುಕೊಂಡು, ಹಿಂದಿನ ಫ್ರೇಮಿನಿಂದ ಕಳೆದ ಸಮಯದಿಂದ ಅದನ್ನು ಗುಣಿಸುವುದು. ಈ ಒಂದು ಗುಣಾಕಾರವನ್ನು ಮರೆತು ಕೆಟ್ಟ ಯೋಜನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ತೆರೆದ ಬಾಗಿಲಿನ ಕೋನ ಎಷ್ಟೆಂದು ಯೂನಿಟಿಯ ಸ್ಕ್ರಿಪ್ಟಿನಲ್ಲಿ ಕೇಳಿದರೆ 90ರ ಬದಲು 0.7071 ಎಂಬ ಉತ್ತರ ಬರಬಹುದು. ಗಾಬರಿ ಬೇಡ, ಅದು ಕ್ವಾಟರ್ನಿಯನ್ ಎಂಬ, ತಿರುವನ್ನು ಬರೆದಿಡುವ ಸಂಖ್ಯೆಗಳ ಗುಂಪಿನ ಒಂದು ಅಂಶ: 90ರ ಅರ್ಧವಾದ 45 ಡಿಗ್ರಿಯ ಸೈನ್. ಮೂರು ಅಕ್ಷಗಳ ಮೂರು ಕೋನಗಳಿಂದ ತಿರುವನ್ನು ಬರೆದಿಟ್ಟರೆ, ಕೆಲವು ಭಂಗಿಗಳಲ್ಲಿ ಎರಡು ಅಕ್ಷಗಳು ಒಂದರ ಮೇಲೊಂದು ಕೂತು ಒಂದು ದಿಕ್ಕಿನ ತಿರುವೇ ಕಳೆದುಹೋಗುತ್ತದೆ. ನಾಲ್ಕು ಸಂಖ್ಯೆಗಳ ಕ್ವಾಟರ್ನಿಯನ್ನಿಗೆ ಆ ತೊಂದರೆಯಿಲ್ಲ. 1843ರ ಅಕ್ಟೋಬರ್ 16ರಂದು ಡಬ್ಲಿನ್ನಿನ ಕಾಲುವೆ ಪಕ್ಕ ನಡೆಯುತ್ತಿದ್ದ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್‌ಗೆ ಅದರ ಸೂತ್ರ ಹೊಳೆಯಿತು, ಆತ ಅದನ್ನು ಅಲ್ಲೇ ಸೇತುವೆಯ ಕಲ್ಲಿನ ಮೇಲೆ ಕೆತ್ತಿದ. ಆ ಗಣಿತ ಇಂದು ನಮ್ಮ ಬಾಗಿಲನ್ನು ತೆರೆಯುತ್ತಿದೆ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಲೋಕದೊಳಗೆ ಇನ್ನೊಬ್ಬರು ಬಂದರೆ ಹೊಸ ಪ್ರಶ್ನೆ ಹುಟ್ಟುತ್ತದೆ: ಸ್ಕ್ರಿಪ್ಟ್ ಯಾರ ಯಂತ್ರದಲ್ಲಿ ಓಡುತ್ತಿದೆ? ಸೆಕೆಂಡ್ ಲೈಫ್‌ನಲ್ಲಿ ಅದು ಸರ್ವರ್‌ನಲ್ಲಿ ಓಡುವುದರಿಂದ ಎಲ್ಲರ ಪಾಲಿಗೂ ಬಾಗಿಲು ಒಂದೇ. ನಿಮ್ಮ ಕಂಪ್ಯೂಟರಿನಲ್ಲಷ್ಟೇ ಓಡಿದರೆ ನಿಮಗೆ ತೆರೆದದ್ದು ಗೆಳೆಯರಿಗೆ ಮುಚ್ಚಿಯೇ ಇರುತ್ತದೆ, ನೀವು ಕದದ ಮೂಲಕವೇ ತೂರಿ ಹೋದಂತೆ ಅವರಿಗೆ ಕಾಣುತ್ತದೆ. ‘ಬಾಗಿಲು ತೆರೆಯಿತು’ ಎಂಬ ಸುದ್ದಿ ಕಳಿಸಿದರೂ ಸಾಲದು. ಐದು ನಿಮಿಷ ತಡವಾಗಿ ಬಂದವರಿಗೆ ಆ ಸುದ್ದಿ ತಲುಪಿರುವುದಿಲ್ಲ. ಹಂಚಬೇಕಾದದ್ದು ನಡೆದ ಘಟನೆಯನ್ನಲ್ಲ, ಬಾಗಿಲಿನ ಈಗಿನ ಸ್ಥಿತಿಯನ್ನು.

ಇಷ್ಟಾದ ಮೇಲೆ ಆ ಬಾಗಿಲನ್ನು ಯೂನಿಟಿಯಲ್ಲಾದರೆ ಪ್ರಿಫ್ಯಾಬ್ (ಮತ್ತೆ ಮತ್ತೆ ಬಳಸಬಹುದಾದ ಅಚ್ಚು) ಆಗಿ, ಗೊಡೋದಲ್ಲಾದರೆ ಪ್ರತ್ಯೇಕ ಸೀನ್ ಆಗಿ ಉಳಿಸಿಡಿ. ಗೋಡೆಗಳನ್ನು ಎಬ್ಬಿಸಿ, ಬೇಕಾದಲ್ಲೆಲ್ಲ ಅದನ್ನೇ ತಂದು ಕೂರಿಸಿ. ಒಂದು ದಿನ 90 ಡಿಗ್ರಿ ಸಾಲದು, 110 ಬೇಕು ಅನ್ನಿಸಿದರೆ ಮೂಲದಲ್ಲಿ ಆ ಒಂದು ಅಂಕಿಯನ್ನು ತಿದ್ದಿ. ಮನೆಯ ಇಪ್ಪತ್ತೂ ಬಾಗಿಲುಗಳು ಇನ್ನಷ್ಟು ಅಗಲವಾಗಿ ತೆರೆದುಕೊಳ್ಳುತ್ತವೆ.